ಮಂಗಳವಾರದ ಕುರ್ಚಿ

ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ಮರುವರ್ಷದ ಆಷಾಢ, ಒಂದು ಶುಕ್ರವಾರ. ಬೆಳಗಿನ ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ನಿಂತಿದ್ದದ್ದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಒಂದು ಖಾಸಗಿ ಬಸ್ಸಿನ ಒಳಗೆ, ಡ್ರೈವರ್ ಸೀಟಿಗೂ ಇಂಜಿನ್ನಿನ ಬಾನೆಟ್ಟಿಗೂ ನಡುವಿನ ಇಕ್ಕಟ್ಟಿನಲ್ಲಿ. ಬಸ್ಸು ನಿದಿಗೆ ದಾಟಿ ರಸ್ತೆಯ ಎಡಬದಿಗೆ ನಿಂತಿತ್ತು. ಇಂಜಿನ್ ಓಡುತ್ತಿತ್ತು. ನನ್ನ ಬೆನ್ನು ಮುಂದಿನ ಗಾಜಿನ ಕಡೆಗಿತ್ತು, ಮುಖ ಪ್ರಯಾಣಿಕರ ಕಡೆಗೆ. ಎಡಗೈಯಲ್ಲಿ ಕಂಬಿ ಹಿಡಿದಿದ್ದೆ. ಬಲಗೈಯಲ್ಲಿ ಒಂದು ಹುಂಜದ ಕಾಲು ಇತ್ತು.

ಆ ಬಸ್ಸಿನ ಡ್ರೈವರ್ ನಾನೇ. ಹುಂಜ ಹೊಸಮನೆಯ ಗಂಗಕ್ಕನದು. ಮಾರಮ್ಮನ ಹರಕೆಗೆಂದು ಶಿವಮೊಗ್ಗದ ತಂಗಿ ಮನೆಯಿಂದ ಅದನ್ನು ಕೈಚೀಲದಲ್ಲಿ ತರುತ್ತಿದ್ದರು. ಕಾಲಿಗೆ ಕಟ್ಟಿದ್ದ ದಾರ ಎಲ್ಲೋ ಸಡಿಲವಾಗಿ, ಅದು ಸೀಟಿನಿಂದ ಸೀಟಿಗೆ ಹಾರಿ, ಡ್ಯಾಶ್‌ಬೋರ್ಡಿನ ದೇವರ ಪಟಕ್ಕೆ ಒಂದು ಪ್ರದಕ್ಷಿಣೆ ಹಾಕಿ, ನನ್ನ ಸ್ಟೇರಿಂಗ್ ಮೇಲೆ ಬಂದು ಕೂತು ರೆಕ್ಕೆ ಬಡಿಯಿತು. ನಾನು ನಿಧಾನಕ್ಕೆ ಬಸ್ಸನ್ನು ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಎದ್ದೆ. ಅದು ಬಾನೆಟ್ಟಿನ ಮೇಲಿಂದ ನನ್ನ ಹಿಂದಕ್ಕೆ ನೆಗೆಯಿತು. ನಾನೂ ತಿರುಗಿದೆ.

"ಬಿಡ್ಬೇಡಿ ಪರಮಣ್ಣ, ಟಿಕೆಟ್ ತಗೊಂಡಿಲ್ಲ ಅವ್ನು!" ಎಂದು ಹಿಂದಿನಿಂದ ಕೂಗಿದವನು ಕಂಡಕ್ಟರ್ ನಾಗರಾಜ. ಬಹಳ ವರ್ಷದಿಂದ ನನ್ನ ಜೊತೆಗಿರುವವನು. ನನಗೆ ಬರೀ ನಾಗ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಕಾಲೇಜಿನ ಹುಡುಗಿಯರು, ಸಂತೆಗೆ ಹೊರಟವರು, ಮಗುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದ ಒಬ್ಬ ತಾಯಿ, ಎಲ್ಲರೂ. ನಾನೂ ನಗುತ್ತಿದ್ದೆ. ಆಗ ಹುಂಜದ ಕಾಲು ಕೈಗೆ ಸಿಕ್ಕಿತು.

ಸಿಕ್ಕಿದ ಆ ಗಳಿಗೆಯಲ್ಲೇ ಎಲ್ಲ ಮುಖಗಳಿಂದಲೂ ನಗು ಒಟ್ಟಿಗೇ ಹೋಯಿತು. ತೆರೆದ ಬಾಯಿಗಳು ತೆರೆದೇ ಇದ್ದವು. ಕಣ್ಣುಗಳೆಲ್ಲ ನನ್ನನ್ನು ದಾಟಿ ನನ್ನ ಬೆನ್ನ ಹಿಂದಿನ ಏನನ್ನೋ ನೋಡುತ್ತಿದ್ದವು. ಶಬ್ದ ಬಂದದ್ದು ಆಮೇಲೆ. ತಿರುಗಿ ನೋಡಿದರೆ ಮುಂದಿನ ಗಾಜಿನ ತುಂಬ ಎಲೆ. ಬಸ್ಸಿನೊಳಗೆ ಹಸಿರು ಕತ್ತಲೆ, ಮುರಿದ ಮಾವಿನ ಕೊಂಬೆಯ ಸೊನೆಯ ವಾಸನೆ. ಹಳೆಯ ಸಾಲುಮರವೊಂದು ಬುಡಸಮೇತ ಕಿತ್ತುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಬಸ್ಸು ಓಡುತ್ತಿದ್ದಿದ್ದರೆ ಆ ಹೊತ್ತಿಗೆ ಅದರ ಅಡಿಯಲ್ಲೇ ಇರುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಗಾಜು ಕೂಡ ಒಡೆಯಲಿಲ್ಲ. ವೈಪರ್ ಒಂದು ಸೊಟ್ಟಗಾಗಿತ್ತು, ಅಷ್ಟೇ.

ಮೊನ್ನೆ ಸೆಲ್ವಂ ಅಂಗಡಿಯಲ್ಲಿ ಕ್ಷೌರಕ್ಕೆ ಕೂತಾಗ, ಶೇವಿಂಗ್ ಕ್ರೀಮು ಮತ್ತು ಪೌಡರು ಬೆರೆತ ಅಲ್ಲಿಯ ವಾಸನೆ ಮೂಗಿಗೆ ಬಡಿದು, ಆ ಮಳೆಗಾಲವೆಲ್ಲ ಎದ್ದು ಬಂತು. ವಿಚಿತ್ರವೆಂದರೆ, ಅಂಥ ಗಳಿಗೆಯಿಂದ ಶುರುವಾದ ಆ ವರ್ಷವನ್ನು ನೆನೆದರೆ ನನಗೆ ಈಗ ಸಂತೋಷವೇ ಆಗುತ್ತದೆ. ಅದು ಹೇಗೆ ಎಂದು ಬರೆಯಲು ಕೂತಿದ್ದೇನೆ.

ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಚಾಲಕನ ಸಮಯಪ್ರಜ್ಞೆಯಿಂದ ಪ್ರಯಾಣಿಕರು ಪಾರಾದರೆಂದು ಬರೆದಿದ್ದರು. ಮಾಲೀಕರು ರವೀಂದ್ರನಗರದ ತಮ್ಮ ಮನೆಗೆ ಕರೆಸಿ ಶಾಲು ಹೊದಿಸಿದರು. ನಾನು ಅವರಿಗೂ ಹೇಳಿದೆ, ಪತ್ರಿಕೆಯವರಿಗೂ ಹೇಳಿದ್ದೆ: "ನಾನು ಬ್ರೇಕ್ ಹಾಕಿದ್ದು ಮರ ನೋಡಿ ಅಲ್ಲ ಸಾರ್. ಹುಂಜ ಬಂತು, ಅದಕ್ಕೆ ನಿಲ್ಲಿಸಿದ್ದೆ."

"ನೋಡ್ರಯ್ಯಾ, ಎಷ್ಟು ವಿನಯ," ಎಂದು ಮಾಲೀಕರು ಅಲ್ಲಿದ್ದವರ ಕಡೆಗೆ ತಿರುಗಿದರು.

ಸೋಮವಾರ ಡ್ಯೂಟಿಗೆ ಹೋದೆ. ಶಿವಮೊಗ್ಗದ ಸ್ಟ್ಯಾಂಡ್ ಬಿಟ್ಟು ಇನ್ನೂ ಊರು ದಾಟಿರಲಿಲ್ಲ, ಹಿಂದೆ ಯಾರೋ ನಾಲ್ಕು ಜನ ಒಟ್ಟಿಗೆ ನಕ್ಕರು. ನನ್ನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು. ಅವರ ಮುಖದ ಮೇಲೆ ನಗು ಇನ್ನೂ ಇದೆಯೋ ಇಲ್ಲವೋ ನೋಡಬೇಕಿತ್ತು ನನಗೆ. ಇತ್ತು. ಮುಂದೆ ತಿರುಗಿದೆ. ಮಲವಗೊಪ್ಪದ ಹತ್ತಿರ ಮತ್ತೆ ನಕ್ಕರು, ಮತ್ತೆ ತಿರುಗಿದೆ. ಮಾಚೇನಹಳ್ಳಿಯಲ್ಲಿ ತಿರುಗಿದಾಗ ಬಸ್ಸು ಬಲಕ್ಕೆ ಎಳೆಯಿತು. "ರೋಡ್ ನೋಡೋ ಮಾರಾಯ!" ಎಂದು ನಾಗ ಚೀರಿದ. ಎದುರಿಗೆ ಲಾರಿ ಇರಲಿಲ್ಲ, ಅಷ್ಟೇ ಪುಣ್ಯ. ಬದಿಗೆ ನಿಲ್ಲಿಸಿ, ಕೀ ತೆಗೆದು ಅವನ ಕೈಗೆ ಕೊಟ್ಟು, ಇಳಿದು ಬಿಟ್ಟೆ. ಮೈ ಬೆವರಿನಿಂದ ತೊಯ್ದಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

ಅವತ್ತಿನಿಂದ ಆ ಸೀಟಿನಲ್ಲಿ ಕೂರಲು ಆಗಲಿಲ್ಲ. ಮನೆಯಲ್ಲಿ ಟಿವಿಯವರು ನಕ್ಕರೂ ಎದ್ದು ಹೊರಗೆ ಹೋಗುತ್ತಿದ್ದೆ. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಯಾರಿಗೂ ಏನೂ ಆಗ್ಲಿಲ್ವಲ್ಲ, ನಿಮಗೇನಾಗಿದೆ?" ಯಾರಾದರೂ ಸತ್ತಿದ್ದರೆ ಅಳಬಹುದಿತ್ತು. ಕಾಲು ಮುರಿದಿದ್ದರೆ ಪಟ್ಟಿ ತೋರಿಸಬಹುದಿತ್ತು. ನನ್ನ ಹತ್ತಿರ ಇದ್ದದ್ದು ಒಂದು ಶಾಲು. ಮಾಲೀಕರು ಒಳ್ಳೆಯವರು, ಬದಲಿ ಡ್ರೈವರ್ ಹಾಕಿ, "ದಸರಾವರೆಗೆ ನೋಡೋಣ ಪರಮೇಶ, ಆಗ್ಲಿಲ್ಲ ಅಂದ್ರೆ ಆಫೀಸಲ್ಲಿ ಏನಾದ್ರೂ ನೋಡ್ಕೋ," ಎಂದರು. ಅವರು ಕರುಣೆಯಿಂದಲೇ ಹೇಳಿದ್ದು. ಆದರೆ ಇಪ್ಪತ್ತನೇ ವಯಸ್ಸಿನಿಂದ ನಾನು ಡ್ರೈವರ್. ಆ ಸೀಟು ಹೋದರೆ ಉಳಿಯುವ ನಾನು ಯಾರು ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಮಗಳು ಸೌಮ್ಯ ಶಿವಮೊಗ್ಗದ ಒಂದು ಶಾಲೆಯಲ್ಲಿ ಟೀಚರ್. ಒಂದು ಭಾನುವಾರ ಮನೆಗೆ ಬಂದಳು. ಹೊರಡುವ ಹೊತ್ತಿಗೆ ಹೇಳಿದಳು.

"ಅಪ್ಪ, ಮೈಸೂರಲ್ಲಿ ಒಬ್ರು ಕೌನ್ಸೆಲರ್ ಇದಾರೆ. ವಿನುತಾ ಅಂತ. ನಮ್ಮ ಸ್ಕೂಲಿನ ಮಕ್ಕಳ ಜೊತೆ ಆನ್‌ಲೈನಲ್ಲೇ ಮಾತಾಡ್ತಾರೆ. ನೀವೂ ಮಾತಾಡಿ."

"ನನಗೇನು ಹುಚ್ಚಾ?"

"ಬಸ್ಸು ಸ್ಟಾರ್ಟ್ ಆಗದೆ ಇದ್ರೆ ಮೆಕ್ಯಾನಿಕ್ ಕರೀತೀರಲ್ಲ. ಆಗ ಬಸ್ಸಿಗೆ ಹುಚ್ಚು ಅಂತೀರಾ?"

ಮಾತಿಗೆ ಸಿಕ್ಕಿಬಿದ್ದೆ. ಅವಳು ನನ್ನ ಫೋನಿಗೆ ಏನೇನೋ ಹಾಕಿ, ಲಿಂಕ್ ಬಂದಾಗ ಎಲ್ಲಿ ಒತ್ತಬೇಕು, ವಿಡಿಯೋ ಎಲ್ಲಿ, ಮೈಕ್ ಎಲ್ಲಿ ಎಂದು ತೋರಿಸಿ ಹೋದಳು. ಫೋನು ಪೂರ್ತಿ ಚಾರ್ಜ್ ಇರಲಿ, ಜಾಗ ಶಾಂತವಾಗಿರಲಿ, ಏನು ಹೇಳಬೇಕು ಎಂದು ಮೊದಲೇ ಸ್ವಲ್ಪ ಯೋಚನೆ ಮಾಡಿಕೊಳ್ಳಿ ಎಂದಳು. ಕೊನೆಯ ಮಾತನ್ನು ನಾವು ನಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡೆವು.

ನಮ್ಮ ಕಡೆ ಯಾರೂ ಒಬ್ಬರೇ ಡಾಕ್ಟರ ಹತ್ತಿರ ಹೋಗುವುದಿಲ್ಲ. ಒಬ್ಬನಿಗೆ ಜ್ವರ ಬಂದರೆ ಮೂವರು ಹೋಗುತ್ತಾರೆ, ಮತ್ತು ಮಾತಾಡುವವರು ಆ ಮೂವರಲ್ಲಿ ಜ್ವರ ಇಲ್ಲದ ಇಬ್ಬರು. ಹಾಗಾಗಿ ಮೊದಲ ಭೇಟಿಗೆ ಮನೆ ಸಜ್ಜಾಯಿತು. ನನ್ನ ಹೆಂಡತಿ ಕುಸುಮ ಕರ್ಟನ್ ಬದಲಾಯಿಸಿದಳು. ಗೋಡೆಯ ಕ್ಯಾಲೆಂಡರ್ ನೇರ ಮಾಡಿದಳು. ಪಕ್ಕದ ಮನೆಯವರಿಗೆ ಆ ಒಂದು ಗಂಟೆ ಮಿಕ್ಸಿ ಹಾಕಬೇಡಿ ಎಂದು ಹೇಳಿ ಬಂದಳು. ಹಾಗಾಗಿ ಅವರೂ ಏನಿರಬಹುದೆಂದು ನೋಡಲು ಬಾಗಿಲಿಗೆ ಬಂದು ನಿಂತರು. ಕೇಸರಿಬಾತು ಆಯಿತು. ಅವಳ ಅಕ್ಕ ಮಾಚೇನಹಳ್ಳಿಯಿಂದ ಬಸ್ಸು ಹತ್ತಿ ಬಂದರು. ನಾನು ಖಾಕಿ ಯೂನಿಫಾರಂ ಇಸ್ತ್ರಿ ಮಾಡಿ ಹಾಕಿಕೊಂಡೆ. ಲೈಸೆನ್ಸು, ಬ್ಯಾಡ್ಜು, ಕಣ್ಣಿನ ಟೆಸ್ಟಿನ ಸರ್ಟಿಫಿಕೇಟು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡೆ. ನನ್ನ ಅನುಭವದಲ್ಲಿ ಅಧಿಕಾರದವರು ಯಾರೇ ಪ್ರಶ್ನೆ ಕೇಳಿದರೂ ಮೊದಲು ಕೇಳುವುದು ಇದನ್ನೇ.

ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದೆವು. ಪರದೆಯಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ಕಾಣಿಸಿಕೊಂಡು ನಮಸ್ಕಾರ ಎಂದರು. ನಾನು ಎದ್ದು ನಿಂತು ಲೈಸೆನ್ಸನ್ನು ಫೋನಿನ ಮುಂದೆ ಹಿಡಿದೆ.

"ಅದು ಬೇಡ ಸರ್, ಕೂತ್ಕೊಳ್ಳಿ," ಎಂದರು ಅವರು. "ನಿಮ್ಮ ಹಿಂದೆ ತುಂಬಾ ಜನ ಇದಾರೆ ಅನ್ಸುತ್ತೆ?"

"ಮನೆಯವ್ರೇ ಮೇಡಂ, ಹೊರಗಿನವ್ರು ಯಾರೂ ಇಲ್ಲ," ಎಂದಳು ಕುಸುಮ. ಬಾಗಿಲಿನಲ್ಲಿ ನಿಂತಿದ್ದ ಪಕ್ಕದ ಮನೆಯಾಕೆಯೂ ತಲೆಯಾಡಿಸಿದರು.

"ಪರಮೇಶ್ ಅವರೇ, ನಿದ್ದೆ ಹೇಗೆ ಬರ್ತಿದೆ?"

"ಎಲ್ಲಿ ನಿದ್ದೆ ಮೇಡಂ," ಎಂದಳು ಕುಸುಮ.

"ಊಟ?"

"ಮೊದ್ಲು ಮುದ್ದೆ ಎರಡು ಹೊಡೀತಿದ್ರು, ಈಗ ಅರ್ಧ ಬಿಡ್ತಾರೆ," ಎಂದರು ಅವಳ ಅಕ್ಕ.

"ಅವರಿಗೆ ಏನನ್ನಿಸುತ್ತೆ ಅಂತ ಅವರೇ ಹೇಳಲಿ."

"ಅವರಿಗೆ ಏನನ್ನಿಸುತ್ತೆ ಅಂದ್ರೆ," ಎಂದು ಕುಸುಮ ಶುರು ಮಾಡಿದಳು.

ಆ ಒಂದು ಗಂಟೆಯಲ್ಲಿ ನಾನು ಮಾತಾಡಿದ್ದು ಎರಡು ಸಲ: ಒಮ್ಮೆ ನಮಸ್ಕಾರ, ಒಮ್ಮೆ ಬರ್ತೀನಿ. ಮುಗಿಸುವ ಮುಂಚೆ ವಿನುತಾ ಮೇಡಂ, ಮುಂದಿನ ಸಲ ನೀವೊಬ್ಬರೇ ಇರುವ ಒಂದು ಜಾಗ ಹುಡುಕಿಕೊಳ್ಳಿ ಎಂದರು. ಕುಸುಮ ಎರಡು ದಿನ ಮುಖ ದಪ್ಪ ಮಾಡಿಕೊಂಡಳು. "ನಾನೇನು ಹೊರಗಿನವಳಾ ರೀ? ನನಗೆ ಗೊತ್ತಿಲ್ದೆ ಇರೋದು ನಿಮ್ಮ ಹತ್ರ ಏನಿದೆ?" ಎಂದಳು. ಏನಿದೆ ಎಂದು ನನಗೂ ಗೊತ್ತಿರಲಿಲ್ಲ.

ಒಬ್ಬನೇ ಇರುವ ಜಾಗ ಎಂದು ಹುಡುಕಲು ಹೊರಟಾಗಲೇ ತಿಳಿದದ್ದು, ಐವತ್ತು ದಾಟಿದ ನಾನು ಈ ನಮ್ಮ ಭದ್ರಾವತಿಯಲ್ಲಿ ಒಂದು ಗಂಟೆಯೂ ಒಬ್ಬನೇ ಕೂತವನಲ್ಲ. ತಾರಸಿಗೆ ಹೋದರೆ ಬಟ್ಟೆ ಒಣಗಿಸುವವರು ಬರುತ್ತಾರೆ. ಭದ್ರಾ ನದಿಯ ಮೆಟ್ಟಿಲ ಮೇಲೆ ಕೂತರೆ, "ಏನ್ ಪರಮಣ್ಣ, ಇಲ್ಲಿ ಕೂತಿದೀರಾ, ಹೊಳೆಗಿಳೆ ಹಾರ್ಬೇಡಿ," ಎಂದು ಇಬ್ಬರು ಬಂದು ಪಕ್ಕದಲ್ಲೇ ಕೂತರು. ನಿಂತ ಬಸ್ಸಿನಲ್ಲಿ ಕೂರಬಹುದಿತ್ತು, ಆದರೆ ನನ್ನ ಸಂಕಟವೇ ಅಲ್ಲಿತ್ತು.

ಜಾಗ ಕೊಟ್ಟವರು ಸೆಲ್ವಂ. ಅವರ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಭದ್ರಾವತಿಗೆ ಬಂದವರು. ಸೆಲ್ವಂ ಹುಟ್ಟಿದ್ದು ಇಲ್ಲೇ, ಕಟಿಂಗ್ ಶಾಪ್ ಇಟ್ಟಿದ್ದೂ ಇಲ್ಲೇ. ಎಲ್ಲ ಕ್ಷೌರದ ಅಂಗಡಿಗಳಂತೆ ಅವರದೂ ಮಂಗಳವಾರ ರಜೆ.

"ಎನ್ನಣ್ಣಾ, ಇದಕ್ಕೆ ಯಾಕೆ ಊರೆಲ್ಲಾ ಸುತ್ತೋದು," ಎಂದರು ತಮಿಳು ಬೆರೆಸಿ. "ಮಂಗಳವಾರ ನನ್ ಅಂಗಡೀಲಿ ಸೊಳ್ಳೆ ಬಿಟ್ರೆ ಯಾರೂ ಇರಲ್ಲ. ನೀವು ಒಳಗೆ ಕೂತ್ಕೊಳ್ಳಿ, ನಾನು ಹೊರಗೆ ಕಾವಲು."

"ಮಂಗಳವಾರ ಅಂಗಡಿ ತೆಗೆದ್ರೆ ನಿಮ್ಮ ಸಂಘದವ್ರು ಬೈಯಲ್ವಾ?"

"ತೆಗೆಯೋದು ಎಲ್ಲಿ? ಶಟರ್ ಅರ್ಧ. ಅರ್ಧ ಶಟರ್‌ಗೆ ಅರ್ಧ ಬೈತಾರೆ."

ಹೀಗೆ ಒಂದು ಮಂಗಳವಾರ ಬೆಳಗ್ಗೆ ನಾನು ಅವರ ತಿರುಗುವ ಕುರ್ಚಿಯಲ್ಲಿ ಕೂತೆ. ಫೋನನ್ನು ಪೌಡರ್ ಡಬ್ಬಿಗೆ ಒರಗಿಸಿದೆ. ಈ ಸಲ ಮನೆಯ ಅಂಗಿ. ಹೊರಗೆ ಮಳೆ ಜಿನುಗುತ್ತಿತ್ತು. ಶಟರಿನ ಕೆಳಗೆ ಸ್ಟೂಲಿನ ಕಾಲುಗಳೂ ಸೆಲ್ವಂ ಕಾಲುಗಳೂ ಕಾಣುತ್ತಿದ್ದವು. ಯಾರೋ ಬಂದು ಕೇಳಿದರು, ಸೆಲ್ವಂ ಗಂಭೀರವಾಗಿ ಹೇಳಿದ್ದು ಕೇಳಿಸಿತು: "ಒಳಗೆ ಆಡಿಟಿಂಗ್ ನಡೀತಿದೆ, ಹೋಗಪ್ಪಾ."

"ಈಗ ನೀವು ಎಲ್ಲಿದೀರಿ? ನಿಮ್ಮ ಸುತ್ತ ಏನು ಕಾಣ್ತಿದೆ, ಹೇಳಿ," ಎಂದರು ವಿನುತಾ ಮೇಡಂ.

ಅದು ಸುಲಭ ಎನ್ನಿಸಿತು. ಹೇಳಿದೆ. ಮುಂದೆ ಕನ್ನಡಿ, ಅದರ ಕೆಳಗಿನ ಹಲಗೆಯ ಮೇಲೆ ಬಾಚಣಿಗೆಗಳು, ಪಟಿಕದ ಕಲ್ಲು, ನೀರು ಚಿಮ್ಮಿಸುವ ಬಾಟಲಿ. ನನ್ನ ಬೆನ್ನ ಹಿಂದಿನ ಗೋಡೆಗೂ ಒಂದು ಕನ್ನಡಿ ಇದೆ. ಹಾಗಾಗಿ ಮುಂದಿನ ಕನ್ನಡಿಯಲ್ಲಿ ನನ್ನ ಮುಖವೂ ಕಾಣುತ್ತದೆ, ನನ್ನ ಹಿಂತಲೆಯೂ ಕಾಣುತ್ತದೆ, ಅರ್ಧ ತೆರೆದ ಶಟರೂ ಕಾಣುತ್ತದೆ.

"ಎಷ್ಟು ಚೆನ್ನಾಗಿ ಹೇಳಿದ್ರಿ. ಆ ಶುಕ್ರವಾರದ್ದನ್ನೂ ಹೀಗೇ ಹೇಳಿ. ಅವಸರ ಇಲ್ಲ."

ನಾನು ಎಲ್ಲರಿಗೂ ಹೇಳುತ್ತಿದ್ದ ಹಾಗೇ ಶುರು ಮಾಡಿದೆ. ದೊಡ್ಡ ಮಾವಿನ ಮರ, ಮೊದಲು ಬುಡ ಅಲುಗಾಡಿತು, ಆಮೇಲೆ ನಿಧಾನಕ್ಕೆ ಬಾಗಿ—

"ಅದನ್ನ ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ಅದು ಮುಂದಿನ ಸೀಟಿನಲ್ಲಿದ್ದವರು ನೋಡಿದ್ದು, ನಾಗ ನೋಡಿದ್ದು. ಜನ ಕೇಳಿದ್ದು ಮರದ ಕಥೆ. ನಾನು ಅವರಿವರಿಂದ ಕೇಳಿಸಿಕೊಂಡ ಮರವನ್ನೇ ಹೇಳುತ್ತಾ ಬಂದಿದ್ದೆ. ಒಂದು ತಿಂಗಳು ಬೇರೆಯವರ ಕಣ್ಣಿನಿಂದ ನಡುಗಿದ್ದೆ ಎನ್ನೋಣವೇ? ಅಲ್ಲ, ನಡುಕ ನನ್ನದೇ. ಆದರೆ ಅದು ಯಾವುದರದು ಎಂದು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ.

"ನೀವು ನಿಂತಿದ್ದು ಎಲ್ಲಿ?" ಎಂದು ಕೇಳಿದರು.

ಆಗ ಹೇಳಿದೆ. ಸೀಟಿಗೂ ಬಾನೆಟ್ಟಿಗೂ ನಡುವೆ. ಬೆನ್ನು ಗಾಜಿಗೆ. ಎಡಗೈ, ಬಲಗೈ. ಮುಖಗಳು. ನಗುತ್ತಿದ್ದ ಮುಖಗಳಿಂದ ನಗು ಹೋದದ್ದು. ಆ ತಾಯಿಯ ತೊಡೆಯ ಮೇಲಿದ್ದ ಮಗು ಮಾತ್ರ ಇನ್ನೂ ನಗುತ್ತಲೇ ಇತ್ತು ಎಂಬುದು ಹೇಳುವಾಗಲೇ ನೆನಪಾಯಿತು. ಕಣ್ಣು ಒರೆಸಿಕೊಳ್ಳಲು ಕೈಗೆ ಸಿಕ್ಕ ಟವಲ್ ಎಳೆದುಕೊಂಡೆ. ಅದು ಸೆಲ್ವಂ ಗಿರಾಕಿಗಳ ಕುತ್ತಿಗೆ ಒರೆಸುವ ಟವಲು. ಅದರ ತುಂಬ ಯಾರ್ಯಾರದೋ ಕೂದಲ ಚೂರು. ಕಣ್ಣಿಗೂ ಹೋಯಿತು, ಮೂಗಿಗೂ ಹೋಯಿತು. ಅಳುವುದೋ ಸೀನುವುದೋ ತಿಳಿಯದೆ ಎರಡನ್ನೂ ಮಾಡಿದೆ. ಶಟರಿನ ಕೆಳಗಿನಿಂದ ಸೆಲ್ವಂ ತಲೆ ತೂರಿಸಿ, "ಅಯ್ಯಯ್ಯೋ, ಅದು ಬೇಡಣ್ಣಾ, ಒಗೆದಿರೋದು ಮೇಲಿದೆ!" ಎಂದರು.

ಫೋನಿನಲ್ಲಿ ಮೇಡಂ ನಕ್ಕರು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಗಮನಿಸಿದೆ: ಎದುರಿಗೆ ಒಬ್ಬರು ನಕ್ಕರೂ ನಾನು ಕುರ್ಚಿಯಿಂದ ಎದ್ದಿರಲಿಲ್ಲ.

ಆಮೇಲಿನ ಮಂಗಳವಾರಗಳಿಗೆ ನಾನು ಕಾಯತೊಡಗಿದೆ. ಹಿಂದಿನ ದಿನವೇ ಫೋನ್ ಚಾರ್ಜ್ ಮಾಡಿ, ಆ ವಾರ ಯಾವಾಗ ಮೈ ನಡುಗಿತು, ಆಗ ನಾನು ಎಲ್ಲಿದ್ದೆ, ಯಾರು ನಗುತ್ತಿದ್ದರು ಎಂದು ನೆನಪು ಮಾಡಿಟ್ಟುಕೊಳ್ಳುತ್ತಿದ್ದೆ. ಒಗೆದ ಟವಲು ನಾನೇ ಒಯ್ಯುತ್ತಿದ್ದೆ. ಮೇಡಂ ಬುದ್ಧಿ ಹೇಳುತ್ತಿರಲಿಲ್ಲ, ಕೇಳುತ್ತಿದ್ದರು. ಒಮ್ಮೆ ಮಾತ್ರ ಹೇಳಿದರು: "ನಿಮ್ಮ ಮೈ ಅವತ್ತು ಒಂದೇ ಏಟಿಗೆ ಒಂದು ಪಾಠ ಕಲಿತುಬಿಟ್ಟಿದೆ. ಜನ ಒಟ್ಟಿಗೆ ನಕ್ಕರೆ ಹಿಂದೆಯೇ ಏನೋ ಕಾದಿದೆ ಅಂತ. ಅದು ನಿಮ್ಮನ್ನ ಕಾಪಾಡೋಕೆ ಅಂತಲೇ ಕಲಿತಿದ್ದು, ಅದನ್ನ ಬೈಬೇಡಿ. ಬೇರೆ ಪಾಠ ಸಾವಕಾಶವಾಗಿ ಹೇಳಿಕೊಡೋಣ." ಶಾಲಿನ ಮಾತೂ ಬಂತು. ನಾನೇನೂ ಮಾಡಲಿಲ್ಲ ಮೇಡಂ, ಸುಮ್ಮನೆ ಹೊಗಳುತ್ತಾರೆ ಎಂದೆ. "ಸರಿ, ಏನೂ ಮಾಡಲಿಲ್ಲ. ಮಾಡಬೇಕಾಗಿದ್ದು ಏನಾದ್ರೂ ಇತ್ತಾ?" ಎಂದು ಕೇಳಿದರು. ಎಷ್ಟು ಯೋಚಿಸಿದರೂ ಏನೂ ಸಿಗಲಿಲ್ಲ. ಆ ದಿನ ಮನೆಗೆ ಹೋಗಿ ಎರಡು ಮುದ್ದೆ ಉಂಡೆ.

ಶಾಲಿನ ವಿಷಯ ಪೂರ್ತಿ ತೀರಿಸಿದವರು ಗಂಗಕ್ಕ. ಶ್ರಾವಣದಲ್ಲಿ ಒಂದು ದಿನ ಮನೆಗೆ ಬಂದರು. ಕುಸುಮ ಕಾಫಿ ಕೊಟ್ಟು, ನಮ್ಮ ಯಜಮಾನರಿಂದ ಅವತ್ತು ಎಲ್ಲರೂ ಉಳಿದರು ಎಂದಳು. ಗಂಗಕ್ಕ ಲೋಟ ಕೆಳಗಿಟ್ಟರು.

"ಇವ್ರೇನ್ ಮಾಡಿದ್ರವ್ವಾ? ಮಾಡಿದ್ದು ನಮ್ ಹುಂಜ. ಪೇಪರ್‌ನಾಗೆ ಫೋಟೋ ಇವರದ್ದು ಹಾಕಿದ್ರು!"

"ಹೌದು ಗಂಗಕ್ಕ, ನಾನೂ ಅದನ್ನೇ ಹೇಳ್ತಿದೀನಿ," ಎಂದೆ. ಅಷ್ಟು ಖುಷಿಯಿಂದ ನಾನು ಯಾವ ಬೈಗುಳವನ್ನೂ ಕೇಳಿರಲಿಲ್ಲ. "ಹರಕೆ ಏನಾಯ್ತು?"

"ಅವನ್ನ ಹೆಂಗ್ ಕುಯ್ಯೋದು? ಅಮ್ಮನಿಗೆ ಬೇರೆ ಕೋಳಿ ಕೊಟ್ಟೆ. ಇವ್ನು ಈಗ ನಮ್ಮನೆ ಯಜಮಾನ. ಬೀದಿ ನಾಯಿ ಅಟ್ಟಿಸ್ಕೊಂಡು ಹೋಗ್ತಾನೆ."

ಭಾದ್ರಪದದ ಹೊತ್ತಿಗೆ ಬಸ್ಸಿನ ಪಾಠ ಶುರುವಾಯಿತು. ಮೊದಲ ವಾರ, ಶೆಡ್ಡಿನಲ್ಲಿ ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂರುವುದು. ಎರಡನೇ ವಾರ ಹಿಂದೆ ನಾಗ ಕೂತು ನಗಬೇಕು. ಮೇಡಂ ಹೇಳಿದಾಗ ಸುಲಭ ಎನ್ನಿಸಿತ್ತು. ಆದರೆ ನಗು ಎಂದರೆ ನಗು ಬರುವುದಿಲ್ಲ. ನಾಗ "ಹಹಹ" ಎಂದು ನಾಟಕದ ರಾಕ್ಷಸನ ಹಾಗೆ ಶುರು ಮಾಡಿದ. "ಇದೇನೋ ಇದು, ಗಂಟಲು ಕಟ್ಟಿದ ಎಮ್ಮೆ ಥರ," ಎಂದೆ. ಅದಕ್ಕೆ ಅವನಿಗೆ ನಿಜವಾದ ನಗು ಬಂತು. ನನ್ನ ಕತ್ತು ಎಳೆಯಿತು. ಎಳೆದಾಗ ಏನು ಮಾಡಬೇಕೆಂದು ಮೇಡಂ ಹೇಳಿಕೊಟ್ಟಿದ್ದರು: ಕತ್ತು ತಿರುಗಿಸಬೇಡಿ, ತಲೆಯ ಮೇಲಿನ ಕನ್ನಡಿ ನೋಡಿ, ಒಂದು ಮುಖ ನೋಡಿ, ಉಸಿರು ಬಿಡಿ, ಮತ್ತೆ ರಸ್ತೆ ನೋಡಿ. ಸೆಲ್ವಂ ಕುರ್ಚಿಯಲ್ಲಿ ಕೂತು ನಾನು ಅದನ್ನೇ ಅಭ್ಯಾಸ ಮಾಡಿದ್ದೆ, ಕನ್ನಡಿಯಲ್ಲಿ ಹಿಂದಿನ ಗೋಡೆ, ಉಸಿರು, ನನ್ನ ಮುಖ. ಬಸ್ಸಿನ ಕನ್ನಡಿಯಲ್ಲಿ ನಾಗನ ಮುಖವಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿತ್ತು. ಉಸಿರು ಬಿಟ್ಟೆ.

ಮೂರನೇ ಹಂತಕ್ಕೆ ಮಾಲೀಕರು ಖಾಲಿ ಬಸ್ಸನ್ನು ಒಂದು ಮಂಗಳವಾರ ಮಧ್ಯಾಹ್ನ ಕೊಟ್ಟರು, ಬದಲಿ ಡ್ರೈವರನ್ನೂ ಪಕ್ಕದಲ್ಲಿ ಕೂರಿಸಿದರು. ಸೋಗಾನೆಯ ವಿಮಾನ ನಿಲ್ದಾಣದ ರಸ್ತೆ ಅಗಲ, ವಾಹನ ಕಡಿಮೆ. ನಾಗ, ಸೆಲ್ವಂ, ಕುಸುಮ ಮೂವರೂ ಪ್ರಯಾಣಿಕರು. ಕುಸುಮ ಚಕ್ಕುಲಿ ಡಬ್ಬಿ ತಂದಿದ್ದಳು. ನಾನು ಗೇರ್ ಹಾಕಿದೆ. ಹಿಂದಿನಿಂದ ನಾಗ ಅಭ್ಯಾಸಬಲದಿಂದ "ರೈಟ್!" ಎಂದು ಕೂಗಿದ. ಇಷ್ಟು ವರ್ಷ ದಿನಕ್ಕೆಷ್ಟೋ ಸಲ ಕೇಳಿದ ಕೂಗು. ಅವತ್ತು ಮೊದಲ ಬಾರಿ ಕಿವಿಗೆ ಬಿತ್ತು ಎನ್ನಬೇಕು. ಹಿಂದೆ ಎಲ್ಲರೂ ಸರಿಯಾಗಿದ್ದಾರೆ, ನೀನು ಮುಂದೆ ನೋಡು, ಎಂದು ಒಬ್ಬ ಮನುಷ್ಯ ನನ್ನ ಪರವಾಗಿ ನೋಡಿ ಹೇಳುತ್ತಿದ್ದಾನೆ. ಅದಕ್ಕೇ ತಾನೇ ಅವನು ಇರುವುದು? ಮುಂದಿನ ಮಂಗಳವಾರ ಮೇಡಂಗೆ ಇದನ್ನು ಹೇಳಿದೆ. ಅವರು, "ಇದನ್ನ ನಾನು ನಿಮ್ಮಿಂದ ಕಲಿತೆ," ಎಂದರು.

ಆ ರಸ್ತೆಯಲ್ಲಿ ಹೋಗುವಾಗಲೇ ಒಂದು ವಿಮಾನ ನಮ್ಮ ತಲೆಯ ಮೇಲೆಯೇ ಇಳಿಯಿತು. ಸೆಲ್ವಂ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೈ ಬೀಸಿದರು. "ಕೂತ್ಕೊಳ್ಳಿ ಸೆಲ್ವಣ್ಣ, ಪೈಲಟ್ಟಿಗೆ ಕಟಿಂಗ್ ಬೇಕಾ ಅಂತ ಕೇಳೋಕೆ ಹೋಗ್ತಿದೀರಾ?" ಎಂದಳು ಕುಸುಮ. ಮೂವರೂ ನಕ್ಕರು. ಕನ್ನಡಿ ನೋಡಿದೆ, ಉಸಿರು ಬಿಟ್ಟೆ, ರಸ್ತೆ ನೋಡಿದೆ.

ಅಷ್ಟರಲ್ಲಿ ಮಂಗಳವಾರದ ಆ ಕುರ್ಚಿಗೆ ಬೇಡಿಕೆ ಬಂದಿತ್ತು. ಪಿಯುಸಿ ಪರೀಕ್ಷೆಯ ಭಯದಿಂದ ಊಟ ಬಿಟ್ಟಿದ್ದ ಪಕ್ಕದ ಮನೆಯ ಹುಡುಗಿ, ಸೌಮ್ಯ ಹೇಳಿದ ಮೇಲೆ, ನನ್ನ ನಂತರದ ಗಂಟೆಗೆ ಅಲ್ಲಿ ಕೂತಳು. ಅವಳ ತಾಯಿ ಸ್ಟೂಲಿನ ಮೇಲೆ ಸೆಲ್ವಂ ಪಕ್ಕ ಕಾವಲು. ಒಂದು ದಿನ ಕುಸುಮ ಏನೂ ಹೇಳದೆ ಒಗೆದ ಟವಲು ಮಡಿಚಿ ಚೀಲಕ್ಕೆ ಹಾಕಿಕೊಂಡು, "ಈ ವಾರ ನಾನು ಹೋಗ್ಲಾ?" ಎಂದಳು. ಅವಳು ಅಲ್ಲಿ ಏನು ಮಾತಾಡಿದಳೋ ನಾನು ಕೇಳಲಿಲ್ಲ. ಬಂದವಳು ಹಗುರಾಗಿದ್ದಳು. ನನ್ನ ಜೊತೆ ಕೂತು, ನನಗೆ ಮಾತಾಡಲು ಬಿಟ್ಟು, ಕೊನೆಯವರೆಗೂ ಕೇಳಿದಳು. ಮದುವೆಯಾದ ಮೇಲೆ ಅದು ಹೊಸದು.

ದಸರಾಕ್ಕೆ ಮುಂಚಿನ ವಾರ, ಒಂದು ಬುಧವಾರ, ಬೆಳಗಿನ ಎರಡನೇ ಟ್ರಿಪ್ಪು. ಮತ್ತೆ ಡ್ಯೂಟಿ ಹಿಡಿದ ಮೊದಲ ದಿನ, ನಾನು ಡ್ರೈವರ್ ಸೀಟಿನಲ್ಲಿ ಕೂತಿದ್ದೆ. ಬಸ್ಸು ಶಿವಮೊಗ್ಗದಿಂದ ತುಂಬಿಕೊಂಡೇ ಹೊರಟಿತು. ಮಳೆ ನಿಂತು ಬಿಸಿಲು ಬಿದ್ದಿತ್ತು. ಒದ್ದೆ ರಸ್ತೆ ಕಣ್ಣಿಗೆ ಹೊಡೆಯುತ್ತಿತ್ತು. ಮಲವಗೊಪ್ಪ ದಾಟಿತು. ಹಿಂದೆ ಮಾತಿನ ಗದ್ದಲ ಮಾತ್ರ. ನಿದಿಗೆಯೂ ದಾಟಿತು. ಮರ ಇದ್ದ ಜಾಗದಲ್ಲಿ ಈಗ ಬರೀ ಗುಂಡಿ, ಅದರಲ್ಲಿ ಕೆಂಪು ನೀರು. ಅದನ್ನು ದಾಟಿದ ಸ್ವಲ್ಪ ಹೊತ್ತಿಗೆ ಹಿಂದೆ ಇಡೀ ಬಸ್ಸು ಒಟ್ಟಿಗೆ ನಕ್ಕಿತು. ಅವತ್ತಿನಂತೆಯೇ, ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ.

ನನ್ನ ಕತ್ತಿನ ನರ ಎದ್ದು ನಿಂತದ್ದು ನನಗೆ ಗೊತ್ತಾಯಿತು. ಎದುರಿನಿಂದ ಕಬ್ಬಿನ ಟ್ರಾಕ್ಟರ್ ಬರುತ್ತಿತ್ತು. ಕನ್ನಡಿಯಲ್ಲಿ ಒಂದೇ ಒಂದು ಮುಖ ನೋಡಿದೆ, ನನ್ನ ಹಿಂದಿನ ಸೀಟಿನ ಒಬ್ಬ ಮುದುಕನದು. ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದು ನಗುತ್ತಿದ್ದ. ಉಸಿರು ಬಿಟ್ಟೆ. ಟ್ರಾಕ್ಟರಿಗೆ ದಾರಿ ಬಿಟ್ಟೆ. ನಗು ಹಿಂದೆ ಮುಂದುವರಿಯಿತು, ತಾನಾಗಿಯೇ ಸಣ್ಣದಾಯಿತು, ತಾನಾಗಿಯೇ ನಿಂತಿತು, ಯಾವ ನಗುವಾದರೂ ನಿಲ್ಲುವ ಹಾಗೆ. ಅದರ ಹಿಂದೆ ಏನೂ ಬರಲಿಲ್ಲ. ಮಾಚೇನಹಳ್ಳಿಯ ಸ್ಟಾಪು ಬಂತು, ಅಷ್ಟೇ. ಇಬ್ಬರು ಇಳಿದರು, ಒಬ್ಬ ಹತ್ತಿದ. ಭದ್ರಾವತಿಯವರೆಗೂ ನಾನು ತಿರುಗಿ ನೋಡಲಿಲ್ಲ.

ಇದನ್ನು ಕಣ್ಣಾರೆ ಕಂಡವರು ಇದ್ದಾರೆ. ಆ ಹಲ್ಲಿಲ್ಲದ ಮುದುಕರು, ಕಾರ್ಖಾನೆಯಿಂದ ನಿವೃತ್ತರಾದ ತಿಮ್ಮಪ್ಪನವರು, ಹೋದ ವರ್ಷ ತೀರಿಕೊಂಡರು. ನಾಗರಾಜ ಇದ್ದಾನೆ, ಇವತ್ತೂ ನನ್ನ ಬಸ್ಸಿನಲ್ಲೇ ಇದ್ದಾನೆ. ಅಂದು ಅಂಗಡಿಗೆ ಬೀಗ ಹಾಕಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದ ಸೆಲ್ವಂ ಇದ್ದಾರೆ. ಟಿಕೆಟ್ ತೆಗೆದುಕೊಂಡೇ ಕೂರುತ್ತೇನೆಂದು ಹಟ ಹಿಡಿದು ಕೂತಿದ್ದ ಕುಸುಮ ಇದ್ದಾಳೆ. ಬಸ್ಸಿಗೆ ಬಸ್ಸೇ ಅವತ್ತು ಯಾಕೆ ನಕ್ಕಿತು ಎಂದು ಕೇಳಿದರೆ ಮೂವರೂ ಮೂರು ಕಥೆ ಹೇಳುತ್ತಾರೆ, ಒಬ್ಬರದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ನನ್ನನ್ನು ಕೇಳಿ ಪ್ರಯೋಜನವಿಲ್ಲ. ನಾನು ರಸ್ತೆ ನೋಡುತ್ತಿದ್ದೆ.